ಬಾಕಿ ಕೇಳಿದ ಬಿಳಿ ಕೋಟು

"ತಗೊಳ್ಳಿ ಡಾಕ್ಟ್ರೇ. ಎಣಿಸ್ಕೊಂಡು ರಶೀದಿ ಕೊಡಿ."

ದರ್ಜಿ ನೋಟುಗಳನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಮೇಲೊಂದು ಕತ್ತರಿ ಹೇರಿದರು. ಡಾಕ್ಟರಮ್ಮ ಕೈ ಚಾಚಲಿಲ್ಲ. ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ಅವಳಿಗೆ ತೋಚಲಿಲ್ಲ.

"ನಾನು ದುಡ್ಡಿಗೆ ಬಂದಿಲ್ಲ."

"ನೀವು ಬಂದಿಲ್ಲ, ಒಪ್ಕೋತೀನಿ. ನಿಮ್ಮ ಕಡೆಯೋರು ಬಂದಿದ್ರಲ್ಲ. ರಶೀದಿ ಕೊಡಿ, ಬಾಗಿಲಿಗೆ ಅಂಟಿಸ್ತೀನಿ. ಕೂಗು ಕೇಳಿಸ್ಕೊಂಡೋರು ಇದನ್ನೂ ಓದ್ಕೊಳ್ಳಲಿ."

ಮೊನ್ನೆ ಬೆಳಗ್ಗೆ ಬಿಳಿ ಕೋಟು ತೊಟ್ಟವನೊಬ್ಬ ಈ ಬೀದಿಯ ನಟ್ಟನಡುವೆ ನಿಂತು, ಕ್ಲಿನಿಕ್ಕಿನ ಬಾಕಿಯನ್ನೂ ದರ್ಜಿಯ ಮಗಳ ಕಾಯಿಲೆಯನ್ನೂ ಒಂದೇ ಉಸಿರಿನಲ್ಲಿ ಕೂಗಿ ಹೋಗಿದ್ದ. ಅಂದು ಸಂಜೆಯೇ ಆ ಹುಡುಗಿ ಮನೆ ಬಿಟ್ಟಿದ್ದಳು. ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು.

ಡಾಕ್ಟರಮ್ಮನ ಜೊತೆ ಬಂದಿದ್ದ ಸೋದರಮಾವ ಒಂದು ಮೋಟು ಸ್ಟೂಲನ್ನು ಎಳೆದುಕೊಂಡು ಕೂತರು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಮೂಸಿ ಹಿಡಿಯುವುದೇ ಅವರ ಜೀವಮಾನದ ಕಸುಬಾಗಿತ್ತು. ನಿವೃತ್ತರಾದರೂ ಮೂಗು ನಿವೃತ್ತವಾಗಿರಲಿಲ್ಲ. ಎಡಕಿವಿ ಮಾತ್ರ ಮಂದ.

"ಅವನು ಏನಂದ? ಅವನು ಅಂದ ಹಾಗೇ ಹೇಳಿ ಯಜಮಾನ್ರೇ."

"'ಮಗಳಿಗೆ ಮೂರ್ಛೆ ಬಂದು ಇಸ್ತ್ರಿಪೆಟ್ಟಿಗೆ ಮೇಲೆ ಬಿದ್ದಾಗ ಓಡೋಡಿ ಬಂದ್ರಲ್ಲ, ದುಡ್ಡು ಕೊಡೋಕೆ ಕಾಲು ಬರಲ್ವಾ?' ಅಂದ."

"ಕಿವಿ ಸರಿಯಿಲ್ಲ ನಂಗೆ. ಇನ್ನೊಂದ್ಸಲ."

ದರ್ಜಿ ಹೇಳಿದರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾವ ತಲೆಯಾಡಿಸಿದರು. ಎರಡನೇ ಸಲ ಹೇಳುವಾಗ ಸುಳ್ಳಿಗೆ ಕೈಕಾಲು ಮೂಡುತ್ತವೆ, ನಿಜ ಮಾತ್ರ ಇದ್ದ ಹಾಗೇ ಇರುತ್ತದೆ ಎಂಬುದು ಅವರ ಮಂದ ಕಿವಿ ಅವರಿಗೆ ಕಲಿಸಿದ ಪಾಠ.

"ಬೇರೆ ಬೀದಿಗಳಲ್ಲೂ ಅವನು ಕೂಗಿದಾನೆ," ಅಂದರು ಮಾವ. "ಅಲ್ಲೆಲ್ಲ ಬಾಕಿ ಮೊತ್ತ ಅಷ್ಟೇ. ಕಾಯಿಲೆ ಸುದ್ದಿ ಎತ್ತಿದ್ದು ಇಲ್ಲೊಂದೇ ಕಡೆ. ಪುಟ್ಟಿ, ಈ ಹುಡುಗಿ ಫೈಲಲ್ಲಿ ಏನು ಬರೆದಿದ್ದೆ?"

"ಕೈ ಸುಟ್ಟ ಗಾಯ. ಅಷ್ಟೇ."

"ಮೂರ್ಛೆ?"

"ಬರೀಲಿಲ್ಲ. ಅದಕ್ಕೆ ಬೇರೆ ಊರಲ್ಲಿರೋ ನನ್ನ ಸಹಪಾಠಿ ಹತ್ರ ಕಳಿಸಿದ್ದೆ. ನಾನೇ ಫೋನ್ ಮಾಡಿ."

"ಬರೀಬೇಡಿ ಅಂತ ನಾನೇ ಕೈ ಮುಗಿದಿದ್ದೆ," ಅಂದರು ದರ್ಜಿ. "ಶಿಶುವಿಹಾರದಲ್ಲಿ ಅವಳ್ಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಪುಟ್ಟ ಮಕ್ಕಳನ್ನ ಎತ್ಕೊಳ್ಳೋ ಕೆಲಸ. ಗೊತ್ತಾದ್ರೆ ಯಾವ ತಾಯಿ ಬಿಡ್ತಾಳೆ? ಡಾಕ್ಟ್ರು ಏನಂದ್ರು ಗೊತ್ತಾ? 'ನಿಮ್ಗೆ, ನಂಗೆ, ಈ ಗೋಡೆಗೆ ಬಿಟ್ರೆ ಯಾರ್ಗೂ ಗೊತ್ತಾಗಲ್ಲ' ಅಂದ್ರು."

ದರ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಡಾಕ್ಟರಮ್ಮನಿಗೆ. ಎದೆಯ ಯಾವುದೋ ಮೂಲೆಯಲ್ಲಿ ನೆನಪೊಂದು ಮಗ್ಗುಲು ಬದಲಿಸಿತು. ಅವಳು ಅದರ ಮುಖ ನೋಡಲಿಲ್ಲ. ನೋಡಿದರೆ ಮಾತಾಡಿಸಬೇಕಾಗುತ್ತದೆ.

"ಗೋಡೆಗೂ ಕಿವಿ ಇರತ್ತೆ ಅಂತಾರೆ," ಮಾವ ಎದ್ದರು. "ನಡಿ ಪುಟ್ಟಿ. ಆ ಗೋಡೇನ ನೋಡೇ ಬಿಡೋಣ."

ಹೊರಡುವಾಗ ದರ್ಜಿ ಓಡಿಬಂದು ಮಾತ್ರೆಯ ಪಟ್ಟಿಯನ್ನು ಡಾಕ್ಟರಮ್ಮನ ಕೈಗೆ ತುರುಕಿದರು. "ಅವಳು ಸಿಕ್ಕಿದ್ರೆ ಮೊದ್ಲು ಇದನ್ನ ಕೊಡಿ. ಬೈಯೋದು ಆಮೇಲೆ. ಬೈಯೋದೂ ಬೇಡ."

ನೋಟುಗಳು ಕತ್ತರಿಯ ಕೆಳಗೇ ಉಳಿದವು. ಎದುರು ಮನೆಯ ಕಿಟಕಿಯ ಪರದೆ ಸರಿಯಿತು, ಪಕ್ಕದ ಮನೆಯ ಬಾಗಿಲು ಅರ್ಧ ತೆರೆಯಿತು. ಇದೇ ಬೀದಿಯಲ್ಲಿ ತಾಯಂದಿರು ಮಗುವನ್ನು ಎತ್ತಿಕೊಂಡು ಅವಳಿಗೆ ಅಡ್ಡ ಬರುತ್ತಿದ್ದರು, "ಜ್ವರ ಬಿಟ್ಟಿದೆ ಡಾಕ್ಟ್ರೇ" ಎಂದು ನಗುತ್ತಿದ್ದರು. ಇವತ್ತು ಯಾರೂ ಹೊಸ್ತಿಲು ದಾಟಲಿಲ್ಲ. ಡಾಕ್ಟರಮ್ಮ ತಲೆ ಎತ್ತದೆ ಬೀದಿಯ ಕೊನೆ ತಲುಪಿದಳು.

*

ಮಧ್ಯಾಹ್ನದ ಹೊತ್ತು ಕ್ಲಿನಿಕ್ಕಿನಲ್ಲಿ ರೋಗಿಗಳಿರಲಿಲ್ಲ. ಮುಂದಿನ ಹಜಾರದಲ್ಲಿ ಬೆಂಚುಗಳು, ಗಾಜಿನ ಕಿಂಡಿಯ ಹಿಂದೆ ಬಿಲ್ಲಿನ ಕೋಣೆ, ಅದರ ಹಿಂದಿನ ಗೋಡೆಗೆ ಆತು ಡಾಕ್ಟರಮ್ಮನ ಕೋಣೆ. ಕಿಂಡಿಯಲ್ಲಿ ಸಿಸ್ಟರ್ ಕೂತಿದ್ದಳು. ಕ್ಲಿನಿಕ್ಕು ಶುರುವಾದಾಗಿನಿಂದ ಇರುವವಳು.

ಮಾವ ಗೋಡೆ ತಟ್ಟಿದರು. ಗಟ್ಟಿ ಇಟ್ಟಿಗೆ. ಬಾಗಿಲು ಮುಚ್ಚಿ ಒಳಗೆ ಡಾಕ್ಟರಮ್ಮನನ್ನು ಮಾತಾಡಲು ಹೇಳಿ ಹೊರಗೆ ನಿಂತರು. ಏನೂ ಕೇಳಲಿಲ್ಲ. ಬಿಲ್ಲಿನ ಕೋಣೆಗೆ ಹೋಗಿ ಸಿಸ್ಟರ್ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿಸಿತು.

"ಪುಟ್ಟಿ, ಬಾ ಇಲ್ಲಿ."

ಮೇಜಿನ ಮೇಲೆ ಹಳೆಯ ಇಂಟರ್‌ಕಾಮ್ ಇತ್ತು. ಡಾಕ್ಟರಮ್ಮನ ಕೋಣೆಯಲ್ಲಿದ್ದ ಅದರ ಜೋಡಿ ಪೆಟ್ಟಿಗೆಯ ಗುಂಡಿ ಒತ್ತಿದ್ದು ಮೇಲೇಳದೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಒಳಗೆ ಗಡಿಯಾರ ಟಿಕ್ ಅಂದರೆ ಇಲ್ಲಿ ಟಿಕ್ ಅನ್ನುತ್ತಿತ್ತು.

"ಈ ಪೆಟ್ಟಿಗೆಗೆ ಬಾಯಿ ಮುಚ್ಚೋದೇ ಗೊತ್ತಿಲ್ಲ," ಅಂದರು ಮಾವ. "ಎಷ್ಟು ಕಾಲದಿಂದ ಹೀಗಿದೆ ಸಿಸ್ಟರ್?"

ಸಿಸ್ಟರ್ ಮುಖ ಬೆಳ್ಳಗಾಯಿತು. "ಒಂದೊಂದ್ಸಲ ಸಿಕ್ಕಾಕ್ಕೊಳತ್ತೆ ಸಾರ್. ನಾನು ವಾಲ್ಯೂಮ್ ತಗ್ಗಿಸ್ತೀನಿ. ಸತ್ಯವಾಗ್ಲೂ. ಯಾವತ್ತೂ ಕಿವಿ ಕೊಟ್ಟಿಲ್ಲ."

"ಇನ್ನೊಂದ್ಸಲ ಹೇಳಿ."

"ಕಿವಿ ಕೊಟ್ಟಿಲ್ಲ ಸಾರ್..." ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. "ಡಾಕ್ಟ್ರೇ, ನೀವಾದ್ರೂ ಹೇಳಿ. ಇಷ್ಟು ವರ್ಷ ನನ್ನ ನೋಡಿದೀರ."

ಡಾಕ್ಟರಮ್ಮ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಕೊರಳಿನ ಸ್ಟೆತಸ್ಕೋಪಿಗೆ ಹೋಗಿ, ಅದನ್ನು ತಿರುವತೊಡಗಿತು. ಮಾವನ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ನಿಂತು ಸರಿಯಿತು.

"ಅವಳನ್ನ ಯಾಕೆ ಅಳಿಸ್ತೀರ?"

ಬಾಗಿಲಲ್ಲಿ ಭಾವ ನಿಂತಿದ್ದರು. ಡಾಕ್ಟರಮ್ಮನ ಗಂಡನ ಅಣ್ಣ. ಒಂದು ಕಾಲಕ್ಕೆ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟು, ಸಾಲದಲ್ಲಿ ಮುಳುಗಿ, ಬಾಗಿಲು ಹಾಕಿ ತಮ್ಮನ ಮನೆಗೆ ಬಂದವರು. "ಸುಮ್ನೆ ಕೂತು ಅನ್ನ ತಿನ್ನಲ್ಲ, ನಿನ್ನ ಕ್ಲಿನಿಕ್ಕಿನ ಲೆಕ್ಕ ನೋಡ್ತೀನಿ" ಎಂದು ಈ ಕೋಣೆಗೆ ಕುರ್ಚಿ ತಂದು ಹಾಕಿಕೊಂಡಿದ್ದರು.

ಆಗ ಕ್ಲಿನಿಕ್ಕಿನ ಸ್ಥಿತಿ ನೋಡುವಂತಿರಲಿಲ್ಲ. ಬೆಂಚು ತುಂಬ ರೋಗಿಗಳು, ಡಬ್ಬಿಯಲ್ಲಿ ಮಾತ್ರ ಚಿಲ್ಲರೆ. ಸಂಬಳಕ್ಕೆ ಸಾಲ, ಔಷಧಿಗೆ ಸಾಲ. ಭಾವ ಬಂದು ಎರಡೇ ಕೆಲಸ ಮಾಡಿದರು. ಹೆಸರಿನ ಒಂದಕ್ಷರ ತಪ್ಪಿತೆಂದು ವಿಮಾ ಕಂಪನಿಗಳು ವಾಪಸು ಕಳಿಸಿದ್ದ ಕ್ಲೇಮುಗಳು ಕಪಾಟಿನಲ್ಲಿ ಕೊಳೆಯುತ್ತಿದ್ದವು. ಅವನ್ನೆಲ್ಲ ತಿದ್ದಿ ಮತ್ತೆ ಕಳಿಸಿದರು. ಆಮೇಲೆ, "ಮುಂದಿನ ಸಲ ಕೊಡಿ" ಅನ್ನುವ ಮಾತನ್ನು ನಿಲ್ಲಿಸಿ, ನೋಡುವ ಮೊದಲೇ ಫೀಸು ಕೇಳುವ ರೂಢಿ ತಂದರು. ಕೊಡಲಾಗದವರಿಗೆ ಕಂತು. ಅಷ್ಟಕ್ಕೇ ಕ್ಲಿನಿಕ್ಕು ಉಸಿರಾಡಿತ್ತು. ಹಳೆಯ ಬಾಕಿಗಳನ್ನು ಮಾತ್ರ ಅವರು, "ಇದು ಬತ್ತಿದ ಬಾವಿ" ಎಂದು ಬದಿಗಿಟ್ಟಿದ್ದರು. ಆ ಬತ್ತಿದ ಬಾವಿಯಲ್ಲೇ ಈಗ ನೀರು ಉಕ್ಕುತ್ತಿತ್ತು.

"ಸಿಸ್ಟರ್, ನೀವು ಹೋಗಿ ಮುಖ ತೊಳ್ಕೊಳ್ಳಿ," ಎಂದು ಅವಳನ್ನು ಕಳಿಸಿ, ಮಾವ ಭಾವನತ್ತ ತಿರುಗಿದರು. "ಬಾಕಿ ವಸೂಲಿ ಮೇಲೆ ಕ್ಲಿನಿಕ್ಕಲ್ಲಿ ಆಸೆ ಇರೋ ಮನುಷ್ಯ ನೀವೊಬ್ರೇ. ಈ ಪೆಟ್ಟಿಗೆ ಇರೋದು ನಿಮ್ಮ ಕುರ್ಚಿ ಪಕ್ಕ. ಆ ಬಿಳಿ ಕೋಟಿನೋನನ್ನ ಎಲ್ಲಿಂದ ತಂದ್ರಿ?"

ಭಾವ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಮಾವ, ನನ್ನ ಅಂಗಡಿ ಮುಳುಗಿದಾಗ ಸಾಲ ಕೊಟ್ಟೋರು ಮನೆ ಮುಂದೆ ನಿಂತು ಕೂಗಿದ್ರು. ನಾನು ಹೊದಿಕೆ ಎಳ್ಕೊಂಡು ಒಳಗೆ ಮಲಗಿದ್ದೆ, ಹುಷಾರಿಲ್ಲದೋನ ಹಾಗೆ. ಬೀದಿ ಜನ ಪಾಪ ಅಂದ್ರು, ಆ ಪಾಪ ಅನ್ನೋದಿದ್ಯಲ್ಲ, ಅದು ಚಪ್ಪಲಿ ಏಟಿಗಿಂತ ಜೋರು. ಆ ಕೂಗನ್ನ ಒಬ್ಬ ದರ್ಜಿ ಬಾಗಿಲಿಗೆ ನಾನು ಕಳಿಸ್ತೀನಾ?"

ಮಾವ ಈ ಸಲ ಮಾತ್ರ 'ಇನ್ನೊಂದ್ಸಲ ಹೇಳಿ' ಅನ್ನಲಿಲ್ಲ.

"ಹಾಗಾದ್ರೆ ಬತ್ತಿದ ಬಾವೀಲಿ ನೀರು ಬಂದಾಗ ನಿಮಗೆ ಅನುಮಾನ ಬರ್ಲಿಲ್ವಾ?"

"ಬಂತು. ಕೇಳ್ದೆ ಕೂಡ." ಭಾವ ಡಾಕ್ಟರಮ್ಮನನ್ನು ನೋಡಿದರು. "ನೋಡಮ್ಮ, ಹಳೇ ಬಾಕಿಯೋರು ತಾವಾಗೇ ಬಂದು ಕಟ್ತಿದಾರೆ, ಮುಖ ಎತ್ತಿ ನೋಡ್ತಿಲ್ಲ, ಯಾರನ್ನಾದ್ರೂ ಕಳಿಸಿದೀಯಾ ಅಂತ ನಿನ್ನ ಕೇಳಿದ್ನೋ ಇಲ್ವೋ? ನೀನೇನಂದೆ?"

ಡಾಕ್ಟರಮ್ಮ ಮೇಜಿನ ಮೇಲಿದ್ದ ಬಿಲ್ಲುಗಳನ್ನು ಒಟ್ಟುಮಾಡತೊಡಗಿದಳು.

"ಹೇಳಮ್ಮ."

"ಬರೋದು ಬರ್ಲಿ ಬಿಡಿ ಭಾವ, ಅಂದೆ," ಡಾಕ್ಟರಮ್ಮ ಹೇಳಿದಳು.

ಹಾಗೆ ಅಂದಿದ್ದಳು. ನಗುತ್ತ ಅಂದಿದ್ದಳು. ಆ ತಿಂಗಳು ಮೊದಲ ಸಲ ಎಲ್ಲರ ಸಂಬಳ ಸರಿಯಾದ ದಿನಕ್ಕೆ ಆಗಿತ್ತು, ಹೊಸ ಪರೀಕ್ಷಾ ಯಂತ್ರಕ್ಕೆ ಮುಂಗಡ ಕೊಟ್ಟಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವಳೂ ಕುಡಿದಿದ್ದಳು. ಯಾರ ಮನೆಯ ಹಾಲು ಎಂದು ಕೇಳಿರಲಿಲ್ಲ. ಒಂದು ಮಾತು ಕೇಳಿದ್ದರೆ ಬಿಳಿ ಕೋಟು ದರ್ಜಿಯ ಬೀದಿಯವರೆಗೆ ಬರುತ್ತಲೇ ಇರಲಿಲ್ಲ.

"ಆಯ್ತು," ಮಾವ ಮೆಲ್ಲಗೆ ಅಂದರು. "ಅದು ದುಡ್ಡಿನ ಮಾತು. ಮೂರ್ಛೆ ಮಾತು ಇನ್ನೂ ಉಳಿದಿದೆ. ಫೈಲಲ್ಲಿಲ್ಲ. ಸಿಸ್ಟರ್ ಅಲ್ಲ ಅಂತಾಳೆ, ನಿನ್ನ ಭಾವ ಬಿಟ್ರೆ ಈ ಪೆಟ್ಟಿಗೆ ಕೇಳೋದು ಅವಳೊಬ್ಳಿಗೇ. ಅವಳನ್ನ ಪೊಲೀಸ್ ಠಾಣೆಗೆ ಕರ್ಕೊಂಡು ಹೋಗೋಣವಾ ಪುಟ್ಟಿ?"

"ಬೇಡ."

"ಯಾಕೆ?"

"ಬೇಡ ಮಾವ."

"ಎರಡು ಸಲ ಒಂದೇ ಮಾತು," ಮಾವ ಅಂದರು. "ನಿಜಾನೇ ಇರ್ಬೇಕು. ಯಾಕೆ ಅಂತ ನೀನೇ ಹೇಳಿಬಿಡು. ಆ ಹುಡುಗಿ ಮಾತ್ರೆ ಇಲ್ದೆ ಎಲ್ಲೋ ಅಲೀತಿದಾಳೆ. ನಿನ್ನ ಮರ್ಯಾದೆ ಕಾಯೋಕೆ ಹೊತ್ತಿಲ್ಲ ನಂಗೆ."

ಅವಳಿಗೆ ತಿಳಿಯಿತು. ಸಿಸ್ಟರನ್ನು ಅಳಿಸಿದ್ದು, ಭಾವನನ್ನು ಕೆಣಕಿದ್ದು, ಎಲ್ಲ ಸುತ್ತಿ ಬಳಸಿ ತನ್ನ ಬಳಿಗೇ ಬರುವ ದಾರಿ. ಮಾವ ದರ್ಜಿಯ ಮನೆಯಲ್ಲೇ ಅವಳ ಮುಖ ಓದಿದ್ದರು.

"ನಾನೇ ಹೇಳಿದ್ದು," ಅಂದಳು. ದನಿ ತನ್ನದೇ ಅನ್ನಿಸಲಿಲ್ಲ. "ಮನೇಲಿ. ಊಟ ಮಾಡುವಾಗ. ಭಾವ ಬಾಕಿ ಮಾತೆತ್ತಿದ್ರು, ಕಂತು ತಪ್ಪಿದ ದರ್ಜಿಗೆ ಒಂದು ನೆನಪೋಲೆ ಕಳಿಸೋಣ ಅಂದ್ರು. ಪಾಪ ಬಿಡಿ, ಮಗಳಿಗೆ ಮೂರ್ಛೆ ಬರತ್ತೆ, ಇಸ್ತ್ರಿಪೆಟ್ಟಿಗೆ ಮೇಲೆ ಬಿದ್ದು ಕೈ ಸುಟ್ಕೊಂಡಿದಾಳೆ, ಅವರನ್ನ ಕಾಡಬೇಡಿ ಅಂತ ನಾನೇ... ನಾನೇ ಅಂದೆ."

ಮಾತು ಆಡಿದರೆ ಹೋಯಿತು. ಕನಿಕರದಿಂದಲೇ ಆಡಿದ್ದಳು. ಆದರೆ ಆ ಕನಿಕರದೊಳಗೆ, ನಾನೆಷ್ಟು ಒಳ್ಳೆಯವಳು ನೋಡಿ ಎಂಬ ಒಂದು ಚಿಟಿಕೆ ಉಪ್ಪೂ ಇತ್ತು ಎಂಬುದು ಈಗ ನಾಲಿಗೆಗೆ ಹತ್ತಿತು. ಕೈ ಮುಗಿದು ನಿಂತಿದ್ದ ದರ್ಜಿ ನೆನಪಾಗಿ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಬಾಗಿಲಾಚೆ ಸಿಸ್ಟರ್ ನಿಂತಿದ್ದಳು. ಮುಖ ತೊಳೆದು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಲೋಟ ನೀರು ತಂದು ಡಾಕ್ಟರಮ್ಮನ ಮುಂದಿಟ್ಟು ಹೊರಟುಹೋದಳು. ಆ ನೀರನ್ನು ಕುಡಿಯುವ ಧೈರ್ಯ ಅವಳಿಗಾಗಲಿಲ್ಲ.

"ನಾನು ಆ ಮಾತನ್ನ ಅಲ್ಲೇ ನುಂಗಿದೆ," ಅಂದರು ಭಾವ. "ದರ್ಜಿ ಹೆಸರನ್ನೇ ಪಟ್ಟಿಯಿಂದ ತೆಗೆದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

"ನಂಬ್ತೀನಿ," ಮಾವ ಅಂದರು. "ನನ್ನ ತಲೆ ತಿನ್ನೋ ಸಂಗತಿ ಬೇರೆ. ಈ ಕಳ್ಳ ಕದ್ದೇ ಇಲ್ಲ. ಹೆದರಿದ ಜನ ಬಂದು ದುಡ್ಡು ಕಟ್ಟಿದ್ದು ಇದೇ ಕಿಂಡೀಲಿ. ಅವನ ಕೈಗೆ ಒಂದು ಕಾಸೂ ಹೋಗಿಲ್ಲ. ನನ್ನ ಸರ್ವೀಸಲ್ಲಿ ಇಂಥ ಧರ್ಮಾತ್ಮ ಕಳ್ಳನ್ನ ಕಂಡಿಲ್ಲ. ನೀವು ವ್ಯಾಪಾರ ಮಾಡಿದೋರು, ಹೇಳಿ. ಬತ್ತಿದ ಬಾಕಿನ ಅವಸರವಸರವಾಗಿ ಯಾರು ಬಳೀತಾರೆ?"

ಭಾವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಹೇಳಿ."

"ಅಂಗಡಿ ಮಾರೋನು," ಅಂದರು ಕೊನೆಗೆ. "ಕೊಳ್ಳೋನು ಬಂದು ನೋಡೋಕೆ ಮುಂಚೆ ಹಳೇ ಬಾಕಿನೆಲ್ಲ ತೊಳೀತಾರೆ. ಆದಾಯ ನಾಲ್ಕು ತಿಂಗಳು ಚೆನ್ನಾಗಿ ಕಂಡ್ರೆ ಬೆಲೆ ಏರತ್ತೆ. ನಾನೂ ಮಾಡಿದ್ದೆ. ತಡವಾಗಿತ್ತು."

"ನಾನು ಮಾರ್ತಿಲ್ಲ!" ಡಾಕ್ಟರಮ್ಮ ತಲೆ ಎತ್ತಿದಳು.

"ಈ ಕಟ್ಟಡ, ಈ ಕ್ಲಿನಿಕ್ಕು ಯಾರ ಹೆಸರಲ್ಲಿದೆ ಪುಟ್ಟಿ?"

ಅವಳು ಮಾವನನ್ನು ನೋಡಿದಳು. ಆಮೇಲೆ ಭಾವನನ್ನು. ಭಾವ ನೆಲ ನೋಡುತ್ತಿದ್ದರು.

"ಅವರ ಹೆಸರಲ್ಲಿ," ಅಂದಳು.

"ಆವತ್ತು ಊಟದ ಮೇಜಲ್ಲಿ ನೀನು, ನಿನ್ನ ಭಾವ. ಇನ್ಯಾರು?"

"ಅವರು."

"ಈಗೆಲ್ಲಿದಾನೆ ನಿನ್ನ ಗಂಡ?"

"ಕೆಲಸದ ಮೇಲೆ ಪರವೂರಿಗೆ... ಮೊನ್ನೆ ಸಂಜೆ ಹೋದ್ರು." ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಮೊನ್ನೆ ಸಂಜೆ. ದರ್ಜಿಯ ಮಗಳು ಮನೆ ಬಿಟ್ಟದ್ದೂ ಮೊನ್ನೆ ಸಂಜೆ.

"ನನ್ನ ತಮ್ಮ ಅಂಥೋನಲ್ಲ," ಭಾವ ಅಂದರು. ಮಾವ ಕಿವಿಯನ್ನು ಅತ್ತ ತಿರುಗಿಸಿ ಕಾದರು. ಭಾವ ಅದನ್ನು ಎರಡನೇ ಸಲ ಹೇಳಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮನ ಕೋಟಿನ ಜೇಬಿನಲ್ಲಿ ಫೋನು ಅದುರಿತು. ಪರದೆಯ ಮೇಲೆ 'ಮನೆ' ಎಂದಿತ್ತು.

ಮನೆಯ ಫೋನಿನಿಂದ ಕರೆ ಮಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಬೀಗ ಹಾಕಿದ್ದು ಅವಳೇ.

ಮಾವ ಸನ್ನೆ ಮಾಡಿದರು. ಅವಳು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

ಮೊದಲು ಉಸಿರು. ಆಮೇಲೆ ಪಿಸುಮಾತು.

"ಡಾಕ್ಟ್ರೇ... ನಾನು. ದರ್ಜಿ ಮಗಳು."

"ಮಗೂ! ಎಲ್ಲಿದೀಯ? ಹುಷಾರಾಗಿದೀಯಾ?"

"ನಿಮ್ಮನೇಲಿ. ಮಹಡಿ ಮೇಲಿನ ರೂಮಲ್ಲಿ. ಇಲ್ಲೊಂದು ಹಳೇ ಫೋನಿತ್ತು, ನಿಮ್ಮ ನಂಬರ್ ನಂಗೆ ಬಾಯಿಪಾಠ." ಮಾತು ತೊದಲುತ್ತಿತ್ತು. "ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ. ಇವತ್ತು ನಿಮ್ಮ ಯಜಮಾನ್ರು ಬಂದ್ರು. ಡಾಕ್ಟ್ರು ಕಳಿಸಿದಾರೆ, ಮನೆಗೆ ಬಾ, ಮಾತ್ರೆ ಕೊಡ್ತಾರೆ ಅಂದ್ರು. ನೀವು ಅಂದಿದ್ದಕ್ಕೇ ಬಂದೆ ಡಾಕ್ಟ್ರೇ."

ಡಾಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ಈಗ ಕೆಳಗಡೆ ಇನ್ಯಾರೋ ಬಂದಿದಾರೆ. ಸಾರ್ ಜೊತೆ ಮಾತಾಡ್ತಿದಾರೆ. 'ಮಾರಾಟ ಮುಗಿಯೋವರೆಗೂ ಇಲ್ಲೇ ಇರ್ಲಿ' ಅಂತೇನೋ ಕೇಳಿಸ್ತು. ಡಾಕ್ಟ್ರೇ, ಆ ದನಿ... ನಮ್ಮ ಬೀದೀಲಿ ಕೂಗಿದ್ದು ಅದೇ ದನಿ. ನಾನು ಕಿಟಕಿ ಹಿಂದೆ ನಿಂತು ಕೇಳಿದೀನಿ. ಸಾಯೋವರೆಗೂ ಮರೆಯಲ್ಲ."

ಭಾವ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದರು. ಅವರ ಕೈ ತಗುಲಿ ಮೇಜಿನ ಮೇಲಿದ್ದ ಲೋಟ ಉರುಳಿತು.

"ಡಾಕ್ಟ್ರೇ," ಹುಡುಗಿ ಕೇಳಿದಳು, "ನನ್ನ ಇಲ್ಲಿಗೆ ಕರೆಸಿದ್ದು ನೀವೇ ತಾನೇ?"

ಹೌದು ಅಂದರೆ ಅವಳು ಹೆದರದೆ ಇನ್ನಷ್ಟು ಹೊತ್ತು ಕೂತಿರುತ್ತಾಳೆ. ಇಲ್ಲ ಅಂದರೆ, ಎರಡು ದಿನ ಮಾತ್ರೆಯಿಲ್ಲದ ಆ ಮೈ ಹೆದರಿಕೆಯನ್ನು ತಾಳಿಕೊಳ್ಳುತ್ತದೋ ಇಲ್ಲವೋ. ಇದು ಡಾಕ್ಟರೇ ನಿರ್ಧರಿಸಬೇಕಾದದ್ದು. ಆದರೆ ಈ ಹುಡುಗಿಗೆ ಒಮ್ಮೆ ಸುಳ್ಳಾದ ಬಾಯಲ್ಲಿ ಇನ್ನೊಂದು ಸುಳ್ಳು ಹೊರಡಲಿಲ್ಲ.

"ಇಲ್ಲ ಮಗೂ. ನಾನು ಕರೆಸಿಲ್ಲ. ಕೇಳು, ನೆಲದ ಮೇಲೆ ಕೂತ್ಕೋ. ಹೊರಟೆ ನಾವು. ಮೊದ್ಲು ಬಾಗಿಲ ಚಿಲಕ ಹಾಕ್ಕೊಂಡು ಬಿಡು."

ಆ ಕಡೆ ಬಾಗಿಲು ಎಳೆದಾಡಿದ ಸದ್ದು. ಆಮೇಲೆ ಮರದ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ, ನಿಧಾನವಾಗಿ, ಒಂದರ ಹಿಂದೊಂದು.

"ಒಳಗೆ ಚಿಲಕವೇ ಇಲ್ಲ, ಹೊರಗಡೆಯಿಂದ ಹಾಕಿದಾರೆ ಡಾಕ್ಟ್ರೇ," ಅಂದಳು ಹುಡುಗಿ.